ದಿಲ್ಲಿಗೊಬ್ಬ, ಬೆಂಗಳೂರಿಗೊಬ್ಬ

1984ರ ಡಿಸೆಂಬರ್ ಕೊನೆಯ ವಾರ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. 1985ರ ಮಾರ್ಚ್ 5ರಂದು ಅದೇ ಜನ ಅದೇ ಮತಗಟ್ಟೆಗಳಿಗೆ ಬಂದು ವಿಧಾನಸಭೆಯ 224ರಲ್ಲಿ 139 ಸ್ಥಾನ ಜನತಾ ಪಕ್ಷಕ್ಕೆ ಕೊಟ್ಟರು. ನಡುವೆ ಬರೀ ಹತ್ತು ವಾರ. ಗೆದ್ದವರು ಇದನ್ನು ಮತದಾರನ ಜಾಣತನ ಎಂದರು, ಸೋತವರು ಚಂಚಲಬುದ್ಧಿ ಎಂದರು. ಆಗ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದ ನಾನು ಎರಡೂ ಸಲ ಇಲೆಕ್ಷನ್ ಡ್ಯೂಟಿಯಲ್ಲಿದ್ದವನು. ನನಗೆ ನೆನಪಿರುವುದು ಜನರ ಉಗುರು.

ಶಾಯಿ ಹಚ್ಚುವ ಕೆಲಸ ನನ್ನದು. ಮೈಸೂರಿನ ಬಣ್ಣದ ಕಾರ್ಖಾನೆಯಿಂದ ಬರುತ್ತಿದ್ದ ಸಣ್ಣ ಸೀಸೆ. ಎಲ್ಲಿ ಉರುಳೀತೋ ಎಂದು ಅದನ್ನು ಉಸುಕು ತುಂಬಿದ ಡಬ್ಬಿಯಲ್ಲಿ ಹುಗಿದು ಇಟ್ಟುಕೊಳ್ಳುತ್ತಿದ್ದೆವು. ಮಾರ್ಚಿನಲ್ಲಿ ಮಂದಿ ಎಡಗೈ ಚಾಚಿದಾಗ ನೋಡಿದರೆ ಎಷ್ಟೋ ಜನರ ತೋರುಬೆರಳಿನ ಮೇಲೆ ಡಿಸೆಂಬರಿನ ಶಾಯಿ ಇನ್ನೂ ಇತ್ತು. ಚರ್ಮದ ಮೇಲಿನದು ಹೋಗಿತ್ತು. ಉಗುರಿನದು ಬೆಳೆಯುತ್ತ ಬೆಳೆಯುತ್ತ ತುದಿಗೆ ಸರಿದು ಕಂದು ಗೆರೆಯಾಗಿ ಉಳಿದಿತ್ತು. ಅದರ ಬುಡದಲ್ಲಿ ನಾನು ಹೊಸ ಗೆರೆ ಎಳೆದೆ. ಒಂದೇ ಉಗುರಿನಲ್ಲಿ ತುದಿಗೆ ರಾಜೀವ್ ಗಾಂಧಿ, ಬುಡಕ್ಕೆ ರಾಮಕೃಷ್ಣ ಹೆಗಡೆ. ಒಬ್ಬ ಮುದುಕಿ ಮಾತ್ರ "ಹಚ್ಚೇದಲ್ಲೋ ತಮ್ಮಾ, ಮತ್ತ್ಯಾಕ?" ಎಂದು ಕೈ ಹಿಂದಕ್ಕೆಳೆದುಕೊಂಡಳು. ಇದು ಬ್ಯಾರೆ ಇಲೆಕ್ಷನ್ ಎಂದು ತಿಳಿಹೇಳಿದ ಮೇಲೆ ಅವಳು ಅಂದದ್ದು ನನಗೆ ಯಾವ ಪಂಡಿತರ ವಿಶ್ಲೇಷಣೆಗಿಂತಲೂ ಹೆಚ್ಚು ತಿಳಿಸಿತು: "ಅಂದು ತಾಯಿ ಸತ್ತ ಹುಡುಗಗ ಮುಯ್ಯಿ ಮಾಡಿದ್ದು. ಇಂದು ನಮ್ಮ ಮನಿ ಲೆಕ್ಕ."

ಮತಗಟ್ಟೆಯೊಳಗೆ ಹೀಗೆಲ್ಲ ಮಾತಾಡಬಾರದು. ಏಜೆಂಟರು ಮುಸಿಮುಸಿ ನಕ್ಕರು, ಅಧ್ಯಕ್ಷಾಧಿಕಾರಿ ಕೆಮ್ಮಿದರು.

ಆ ಮನೆ ಲೆಕ್ಕ ಏನೆಂದು ತಿಳಿಯಬೇಕಾದರೆ ನಮ್ಮೂರು ಹೊರ್ತಿ ಎಲ್ಲಿದೆ ಎಂಬುದನ್ನು ನೋಡಬೇಕು. ವಿಜಾಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರು. ರೇವಣಸಿದ್ಧೇಶ್ವರನ ಗುಡಿ, ಬಿಳಿಜೋಳ, ತೊಗರಿ, ಈಚೆಗೆ ಲಿಂಬೆ, ದ್ರಾಕ್ಷಿ. ಅತ್ತ ಭೀಮೆ, ಇತ್ತ ಕೃಷ್ಣೆ. ನಡುವಿನ ಎತ್ತರದಲ್ಲಿ ನಾವು, ಎರಡಕ್ಕೂ ಎಟುಕದವರು. 1972ರ ಬರದಲ್ಲಿ ಕಲ್ಲು ಒಡೆದ ಕೈಗಳೇ 1985ರಲ್ಲಿ ನನ್ನೆದುರು ಬೆರಳು ಚಾಚಿದ್ದು. ಇಂಥ ಊರಿನವರಿಗೆ ದಿಲ್ಲಿ ಎಂದರೆ ಮಾನ, ಮರ್ಯಾದೆ, ದುಃಖಕ್ಕೆ ಹೆಗಲು ಕೊಡುವ ಮಾತು. ಬೆಂಗಳೂರು ಎಂದರೆ ನೀರಿನ ಕೊಡ.

ಹೆಗಡೆಯವರು ನಮ್ಮ ಕಡೆಯವರಲ್ಲ. ಉತ್ತರ ಕನ್ನಡದ ಸಿದ್ದಾಪುರದ ಹವ್ಯಕರು, ನಮ್ಮಲ್ಲಿ ಅವರ ಜಾತಿಯ ಓಟುಗಳನ್ನು ಬೆರಳ ಮೇಲೆ ಎಣಿಸಬಹುದಿತ್ತು. 1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದಾಗ ಅವರು ಶಾಸಕರೇ ಆಗಿರಲಿಲ್ಲ. ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ಬಂದರು. ಜನತಾ ಪಕ್ಷದಲ್ಲಿದ್ದ ಗಟ್ಟಿಗರು ತಮ್ಮತಮ್ಮಲ್ಲಿ ಒಪ್ಪದೆ ಈ ಮೆಲುಮಾತಿನ ಮನುಷ್ಯನನ್ನು ಒಪ್ಪಿಕೊಂಡಿದ್ದರು. ಬಿಜೆಪಿಯ 18 ಶಾಸಕರು ಹೊರಗಿನಿಂದ ಬೆಂಬಲ ಕೊಟ್ಟಿದ್ದರು. ಇಂಥ ಸರ್ಕಾರ ಎಷ್ಟು ದಿನ ನಡೆದೀತು ಎಂದು ಕಟ್ಟೆಯ ಮೇಲೆ ಪಂದ್ಯ ಕಟ್ಟಿದವರಿದ್ದರು. ಲೋಕಸಭೆಯಲ್ಲಿ ಸೋತೊಡನೆ ಜನ ನಮ್ಮನ್ನು ಒಲ್ಲೆ ಎಂದಿದ್ದಾರೆ ಎಂದು ಅವರು ರಾಜೀನಾಮೆ ಕೊಟ್ಟು ವಿಧಾನಸಭೆಯನ್ನೇ ವಿಸರ್ಜಿಸಿ ಮತ್ತೆ ಕೇಳಲು ಬಂದರು. ಕಾಯ್ದೆ ಪ್ರಕಾರ ಕುರ್ಚಿ ಬಿಡಬೇಕಾಗಿರಲಿಲ್ಲ. ಆ ನಡೆಯಲ್ಲಿ ಲೆಕ್ಕಾಚಾರ ಇರಲಿಲ್ಲವೆಂದು ನಾನು ಹೇಳಲಾರೆ, ಜೂಜೂ ಇತ್ತು. ಆದರೆ ಮೆತ್ತಗಿನವನು ಅಂಜುಬುರುಕ ಎಂದುಕೊಂಡಿದ್ದ ನಮ್ಮ ಮಂದಿಗೆ ಅದು ಬೇರೆ ಥರ ಕಂಡಿತು. ಡಿಸೆಂಬರಿನಲ್ಲಿ ನಾನು ಕೈಗೆ ಒತ್ತಿದ್ದೆ. ಮಾರ್ಚಿನಲ್ಲಿ ಚಕ್ರದೊಳಗಿನ ನೇಗಿಲು ಹೊತ್ತ ರೈತನಿಗೆ ಒತ್ತಿದೆ. ಸೇವೆಯಲ್ಲಿದ್ದಾಗ ಬಾಯಿಬಿಟ್ಟಿರಲಿಲ್ಲ, ಈಗ ಹೇಳಲು ಅಡ್ಡಿಯಿಲ್ಲ.

ಆ ಸಲ ನಮ್ಮ ಭಾಗದ ಬಳ್ಳೊಳ್ಳಿ ಮೀಸಲು ಕ್ಷೇತ್ರದಿಂದ ಗೆದ್ದವರು ರಮೇಶ ಜಿಗಜಿಣಗಿ. ಹುಟ್ಟೂರು ಇಂಡಿ ತಾಲ್ಲೂಕಿನದೇ ಅಥರ್ಗಾ. 1983ರಲ್ಲೂ ಗೆದ್ದಿದ್ದರು, ಮೂವತ್ತರ ಆಸುಪಾಸಿನಲ್ಲೇ ಹೆಗಡೆ ಸಂಪುಟ ಸೇರಿದ್ದರು. ಗುರುವಿನಂತೆ ಶಿಷ್ಯನೂ ಏರುದನಿಯವರಲ್ಲ ಎಂಬುದು ನಮ್ಮ ಕಡೆಯ ಅಭಿಪ್ರಾಯ.

ಮನೆ ಲೆಕ್ಕ ಹುಸಿಯಾಗಲಿಲ್ಲ. ಅಬ್ದುಲ್ ನಜೀರ್ ಸಾಬರು ಗ್ರಾಮೀಣಾಭಿವೃದ್ಧಿ ಸಚಿವರಾಗಿ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ್ದು ಆ ಕಾಲದಲ್ಲೇ. ಜನ ಅವರನ್ನು ನೀರ ಸಾಬ ಎಂದೇ ಕರೆದರು. ಕೈಪಂಪಿನ ಹಿಡಿಗೆ ನೇತಾಡಿ ನೀರು ಎತ್ತುತ್ತಿದ್ದ ನನ್ನ ಶಾಲೆಯ ಹುಡುಗರಿಗೆ ಸರ್ಕಾರ ಎಂದರೆ ಆ ಕಬ್ಬಿಣದ ಕಿರುಗುಟ್ಟುವ ಸದ್ದು. ಅವರದೇ ಪಂಚಾಯತಿ ಕಾಯ್ದೆಯಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದು ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ ಮೀಸಲಾಯಿತು. ಗಂಡನ ಬೆನ್ನ ಹಿಂದೆ ಸೆರಗು ಮುಚ್ಚಿ ಕೂತವರೇ ಹೆಚ್ಚು, ಖರೆ. ಆದರೂ ಪಂಪು ಕೆಟ್ಟಾಗ ಇಂಡಿಗೆ ಓಡದೆ ಊರಲ್ಲೇ ಒಬ್ಬರ ಮನೆ ಬಾಗಿಲು ಬಡಿಯಬಹುದಾಗಿತ್ತು.

ಹಾಗೆಂದು ನಮ್ಮವರು ಹೆಗಡೆಯವರಿಗೆ ಬರೆದುಕೊಟ್ಟವರಲ್ಲ. 1988ರ ಆಗಸ್ಟಿನಲ್ಲಿ ಟೆಲಿಫೋನ್ ಕದ್ದಾಲಿಕೆಯ ಗದ್ದಲದಲ್ಲಿ ಅವರು ಇಳಿದರು. 1989ರಲ್ಲಿ ರಾಜ್ಯ ಕಾಂಗ್ರೆಸ್ಸಿಗೆ 178 ಸ್ಥಾನ ಕೊಟ್ಟಿತು. ಊರಲ್ಲಿ ಟೆಲಿಫೋನೇ ಇಲ್ಲದ ಮಂದಿ ಕದ್ದಾಲಿಕೆಗೆ ಸಿಟ್ಟಾದರೇ? ಇಲ್ಲ. ತಮ್ಮತಮ್ಮಲ್ಲಿ ಕಚ್ಚಾಡುವ ಜನತಾ ಪರಿವಾರದವರನ್ನು ನೋಡಿ ಬೇಸತ್ತಿದ್ದರು. 1996ರಲ್ಲಿ ಜನತಾ ದಳವೇ ಹೆಗಡೆಯವರನ್ನು ಹೊರಹಾಕಿದಾಗ ಮಾತ್ರ ನಮ್ಮ ಕಡೆ ಮತ್ತೆ ಮರುಕ ಹುಟ್ಟಿತು. ಅವರು ಲೋಕಶಕ್ತಿ ಕಟ್ಟಿ ಬಿಜೆಪಿಯ ಜೊತೆ ಹೋದರು. 1998ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದಿಂದ ಬಿಜೆಪಿಗೆ 13, ಲೋಕಶಕ್ತಿಗೆ 3 ಬಂದವು. ಉತ್ತರ ಕರ್ನಾಟಕದ ಜನತಾ ಓಟು ಕಮಲದ ಕಡೆ ದಾಟಲು ಸೇತುವೆಯಾದದ್ದು ಈ ಸೌಮ್ಯವಾದಿಯೇ. ಹಾಗೆ ದಾಟಿದವರು ಹಿಂದಿರುಗಿ ಬರಲಿಲ್ಲ. ಹೆಗಡೆಯವರ ಬಾಳಿನಲ್ಲಿ ನನಗೆ ಇಂದಿಗೂ ಒಗಟಾಗಿರುವ ಪುಟ ಅದೇ.

ಶಿಷ್ಯನೂ ಜೊತೆಗೇ ದಾಟಿದರು. ಬಿ. ಶಂಕರಾನಂದರು ಏಳು ಸಲ ಗೆದ್ದಿದ್ದ ಚಿಕ್ಕೋಡಿಯಲ್ಲಿ ಜಿಗಜಿಣಗಿ 1998ರಲ್ಲಿ ಲೋಕಶಕ್ತಿಯಿಂದ, 1999ರಲ್ಲಿ ಜೆಡಿಯುದಿಂದ, 2004ರಲ್ಲಿ ಬಿಜೆಪಿಯಿಂದ ಗೆದ್ದರು. ಆ ಹೊತ್ತಿಗೆ ವಿಜಾಪುರದಿಂದ ಲೋಕಸಭೆಗೆ ಹೋಗುತ್ತಿದ್ದವರು ಬಿರುಮಾತಿನ ಬಸನಗೌಡ ಪಾಟೀಲ ಯತ್ನಾಳ, 1999 ಮತ್ತು 2004ರಲ್ಲಿ. ಕ್ಷೇತ್ರ ಮೀಸಲಾದ ಮೇಲೆ 2009ರಿಂದ ಜಿಗಜಿಣಗಿಯವರದೇ ಸರದಿ. ಇಬ್ಬರದೂ ಒಂದೇ ಪಕ್ಷವಾಗಿತ್ತು, ನಾಲಿಗೆ ಮಾತ್ರ ಬೇರೆ ಬೇರೆ. ಗದ್ದಲ ಮಾಡದವರಿಂದ ಕೇಡೂ ಇಲ್ಲ, ಕೆಲಸವೂ ಇಲ್ಲ ಎಂಬುದು ಹೆದ್ದಾರಿ ಬದಿಯ ಚಹದಂಗಡಿಯ ಒಂದು ಬಾಕಿನ ವಾದ. ಮಂದಿಗೆ ಮಂದಿ ಹಚ್ಚಿ ಹಾಕದಿರುವುದೇ ದೊಡ್ಡ ಕೆಲಸ ಎಂಬುದು ಎದುರಿನ ಬಾಕಿನದು. ನಾನು ವಯಸ್ಸಾದಂತೆ ಎರಡನೆಯ ಬಾಕಿನ ಕಡೆ ಸರಿದಿದ್ದೇನೆ, ಆದರೆ ಮೊದಲನೆಯದು ಸುಳ್ಳೆಂದು ಅನ್ನಿಸಿಲ್ಲ. 2016ರಿಂದ 2019ರವರೆಗೆ ಅವರು ಕೇಂದ್ರದಲ್ಲಿ ಕುಡಿಯುವ ನೀರಿನ ಖಾತೆಯ ರಾಜ್ಯ ಸಚಿವರಾಗಿದ್ದಾಗ ಎರಡೂ ಬಾಕಿನವರು ಸೇರಿ ನಕ್ಕಿದ್ದುಂಟು: ಖಾತೆ ಸಿಕ್ಕಿತು, ಇನ್ನು ನೀರು ನೋಡೋಣ ಎಂದು.

1985ರ ಚಾಳಿ ಹೋಗಿಲ್ಲ. 2023ರ ಮೇನಲ್ಲಿ ಜಿಲ್ಲೆಯ ಎಂಟು ವಿಧಾನಸಭಾ ಸ್ಥಾನಗಳಲ್ಲಿ ಆರನ್ನು ಕಾಂಗ್ರೆಸ್ಸಿಗೆ ಕೊಟ್ಟವರು ಒಂದೇ ವರ್ಷದಲ್ಲಿ, 2024ರ ಮೇನಲ್ಲಿ, ಜಿಗಜಿಣಗಿಯವರನ್ನೇ ದಿಲ್ಲಿಗೆ ಕಳಿಸಿದರು. ಆದರೆ ಅಂತರ ನೋಡಿ. 2019ರಲ್ಲಿ ಎರಡೂವರೆ ಲಕ್ಷ ದಾಟಿದ್ದದ್ದು ಈ ಸಲ ಸುಮಾರು 77 ಸಾವಿರಕ್ಕೆ ಇಳಿಯಿತು. ಬದಲಿಸದೆಯೂ ಮರುಯೋಚನೆ ಮಾಡುವ ಬಗೆ ಇದು. ಏಳು ಸಲ ಬೆನ್ನುಬೆನ್ನಿಗೆ ಗೆದ್ದ ದಲಿತ ನಾಯಕನಿಗೆ ಸಂಪುಟದಲ್ಲಿ ಜಾಗ ಸಿಗದಿದ್ದಾಗ ಆ ಜುಲೈನಲ್ಲಿ ಅವರು ಬಹಿರಂಗವಾಗಿಯೇ ಅಸಮಾಧಾನ ಹೇಳಿಕೊಂಡರು. ಮೆತ್ತಗಿನವರು ಇಷ್ಟಾದರೂ ಮಾತಾಡಿದರಲ್ಲ ಎಂದು ಮೊದಲನೆಯ ಬಾಕಿನವರೇ ಮೆಚ್ಚಿದ್ದು ಸೋಜಿಗ.

ನೀರಿನ ಲೆಕ್ಕ ಈಗ ರೇವಣಸಿದ್ಧೇಶ್ವರ ಏತ ನೀರಾವರಿ ಎಂಬ ಹೆಸರಿನಲ್ಲಿ ನಡೆದಿದೆ. ಎಲ್ಲ ಪಕ್ಷದವರ ಭಾಷಣದಲ್ಲೂ ನಮ್ಮ ದೇವರ ಹೆಸರು ಬರುತ್ತದೆ. ನಜೀರ್ ಸಾಬರ ಕಾಲದ ಜಿಲ್ಲಾ ಪರಿಷತ್ತಿನ ಜಾಗಕ್ಕೆ ಬಂದ ಜಿಲ್ಲಾ ಪಂಚಾಯತಿಗೆ ಮಾತ್ರ 2016ರ ಫೆಬ್ರವರಿಯಲ್ಲಿ ಓಟು ಹಾಕಿದ್ದು, 2021ರಲ್ಲಿ ಅದರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳ ಕೈಯಲ್ಲಿ ನಡೆಯಿತು. ದಿಲ್ಲಿಗೊಬ್ಬ, ಬೆಂಗಳೂರಿಗೊಬ್ಬ ಎಂದು ಅಳೆದು ತೂಗುವ ನಮ್ಮವರಿಗೆ ವಿಜಾಪುರಕ್ಕೆ ಯಾರು ಎಂದು ಕೇಳಲು ಯಾರೂ ಬರಲಿಲ್ಲ.