ಚನ್ನಪಟ್ಟಣದ ಕಾಯಿ, ಜಗಲಿಯ ನೆಲ

ಕುಳಿತು ಆಡುವ ಆಟಕ್ಕೆ ಅವಶ್ಯವಾದ ಪರಿಕರಗಳು ಮುಖ್ಯವಾಗಿ ಎರಡು: ನಡೆಯುವ ಕಾಯಿ ಒಂದು, ಅದು ನಡೆಯತಕ್ಕ ನೆಲ ಮತ್ತೊಂದು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಾದಿಯಲ್ಲಿ ರಾಮನಗರವನ್ನು ದಾಟಿದ ಮೇಲೆ ಸಿಗುವ ಚನ್ನಪಟ್ಟಣವು ಮೊದಲನೆಯದನ್ನು ಕಡೆದು, ಬಣ್ಣವಿಟ್ಟು, ದೇಶಾಂತರಗಳಿಗೂ ಮಾರಿತು. ಎರಡನೆಯದನ್ನು ಮಾತ್ರ ಆ ಊರಾಗಲಿ, ನೆರೆಯ ಕನಕಪುರ ಮಾಗಡಿಗಳಾಗಲಿ ಮಾರಾಟದ ಸರಕೆಂದು ಅಷ್ಟಾಗಿ ಎಣಿಸಿದಂತೆ ತೋರುವುದಿಲ್ಲ. ಈ ಭೇದಕ್ಕೆ ಒಂದು ಕಾರಣ ಕುಶಲಕರ್ಮಿಯ ಯಂತ್ರದಲ್ಲಿಯೇ ಇದೆ. ತಿರುಗುವ ಮರಕ್ಕೆ ಉಳಿಯನ್ನು ಹಿಡಿದರೆ ಹುಟ್ಟುವುದು ಗುಂಡಾದ ವಸ್ತು. ಬುಗುರಿ, ಗಿಲಕಿ, ಚದುರಂಗದ ಕಾಯಿ, ಇವೆಲ್ಲ ಆ ಭ್ರಮಣದ ಸಂತಾನ. ಚಪ್ಪಟೆಯಾದ ಚೌಕವು ಗರಗಸದ ಕೆಲಸ.

ಊರಿನ ಕಸುಬಾದರೋ ಗೊಂಬೆಯೊಂದೇ ಅಲ್ಲ. ಕ್ರಿ. ಶ. 1800ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಬುಕಾನನ್‌ನೂ, ಆ ಶತಮಾನದ ಕೊನೆಯಲ್ಲಿ ಮೈಸೂರು ಗೆಜೆಟಿಯರನ್ನು ಬರೆದ ರೈಸನೂ ಚನ್ನಪಟ್ಟಣದ ಹೆಸರಿನೊಡನೆ ವಾದ್ಯಗಳಿಗೆ ಕಟ್ಟುವ ಉಕ್ಕಿನ ತಂತಿಯನ್ನೂ ಗಾಜಿನ ಸಾಮಾನನ್ನೂ ನೆನೆದಿದ್ದಾರೆ. ಅರಗಿನ ಕೆಲಸಕ್ಕೆ ಟಿಪ್ಪು ಸುಲ್ತಾನನು ಪಾರಸೀಕ ಕುಶಲಿಗಳನ್ನು ಕರೆಸಿದನೆಂಬುದು ಪ್ರತೀತಿ. ಇಪ್ಪತ್ತನೆಯ ಶತಮಾನದಲ್ಲಿ ಜಪಾನೀ ವಿಧಾನವನ್ನು ಇದಕ್ಕೆ ಅಳವಡಿಸಿದ ಬಾವಾಸ್ ಮಿಯಾನರನ್ನು ಈ ಕಲೆಯ ಪಿತಾಮಹರೆಂದು ಊರು ಗೌರವಿಸುತ್ತದೆ. ದಂತದಂತೆ ಬೆಳ್ಳಗಿರುವ ಆಲೆ ಮರವನ್ನು ಚೆನ್ನಾಗಿ ಒಣಗಿಸಿ, ಯಂತ್ರಕ್ಕೆ ಕಚ್ಚಿಸಿ ಕಡೆದು, ಅದು ತಿರುಗುತ್ತಿರುವಂತೆಯೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಅನಂತರ ತಾಳೆಗರಿಯಿಂದ ತೀಡಿದಾಗ ಬರುವ ಹೊಳಪು ಕುಂಚದಿಂದ ಬಳಿದ ಬಣ್ಣಕ್ಕೆ ದುರ್ಲಭ. 2005-06ನೆಯ ಸಾಲಿನಲ್ಲಿ ಈ ಗೊಂಬೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು.

ಇನ್ನು ನೆಲದ ವಿಚಾರ. ನಮ್ಮ ಸೀಮೆಯ ಹೆಣ್ಣುಮಕ್ಕಳು ಚೌಕಾಬಾರ ಆಡುವಾಗ ಜಗಲಿಯ ಮೇಲೆ ಸೀಮೆಸುಣ್ಣದಿಂದಲೋ ಇದ್ದಲಿನಿಂದಲೋ ಐದೈದು ಮನೆಗಳ ಚೌಕವನ್ನು ಬರೆದು, ನಾಲ್ಕು ಬದಿಗಳ ನಡುಮನೆಗಳಿಗೂ ಒಳಗಿನ ಮಧ್ಯದ ಮನೆಗೂ ಅಡ್ಡಗೆರೆಯೆಳೆದು ಕಟ್ಟೆಯೆಂದು ಕರೆದರೆ ರಾಜ್ಯವು ಸಿದ್ಧವಾಯಿತು. ಕಾಯಿಗಳಿಗೂ ಅವರು ಅಂಗಡಿಗೆ ಹೋದವರಲ್ಲ. ಹುಣಿಸೆಬೀಜ, ಕಲ್ಲು, ಒಡೆದ ಬಳೆಯ ಚೂರು ಸಾಕಾಗಿತ್ತು. ಗಾಜಿನ ಸಾಮಾನು ಮಾಡುವ ಚನ್ನಪಟ್ಟಣವೇ ಮಗ್ಗುಲಲ್ಲಿದ್ದ ಮೇಲೆ ಚೂರಿಗೇನು ಕೊರತೆ! ನಾಲ್ಕು ಕವಡೆಗಳು ಅಂಗಾತ ಬಿದ್ದರೆ ಚೌಕ, ಕವುಚಿದರೆ ಬಾರ. ಹೊರಸುತ್ತನ್ನು ಮುಗಿಸಿ, ಎದುರಾಳಿಯ ಒಂದು ಕಾಯನ್ನಾದರೂ ಹೊಡೆದು, ಒಳಸುತ್ತಿಗಿಳಿದು ನಡುಮನೆಯನ್ನು ಸೇರಿದ ಕಾಯಿ ಹಣ್ಣಾಗುತ್ತದೆ. ಆಟ ಮುಗಿದೊಡನೆ ಒಂದು ಕೊಡ ನೀರಿಗೆ ಆ ರಾಜ್ಯವೆಲ್ಲ ಅಳಿಯುತ್ತಿತ್ತು. ಬಾಳಲಿ ಎಂದು ಬಯಸಿದವರು ಮಾತ್ರ ಕಲ್ಲಿನ ಮೇಲೆಯೇ ಕೆತ್ತಿದರು. ಹಂಪೆಯ ಮಂಟಪಗಳ ಹಾಸುಗಲ್ಲುಗಳಲ್ಲಿ ಅಂಥ ರೇಖೆಗಳನ್ನು ಇಂದಿಗೂ ಕಾಣಬಹುದು.

ನೆಲವನ್ನೇ ರಚಿಸುವ ಹವ್ಯಾಸವು ಈ ನಾಡಿನಲ್ಲಿ ಪರಾಕಾಷ್ಠೆಗೆ ಮುಟ್ಟಿದ್ದು ಅರಮನೆಯಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ರಾಜ್ಯಾಡಳಿತವನ್ನು ಇಂಗ್ಲಿಷರು ಕಿತ್ತುಕೊಂಡರು. 1868ರಲ್ಲಿ ಕಾಲವಾಗುವವರೆಗೆ ಅದು ಅವರಿಗೆ ಮರಳಿ ದೊರೆಯಲಿಲ್ಲ. ಆಳುವ ನೆಲವಿಲ್ಲದ ಆ ದೊರೆ ಆಡುವ ನೆಲಗಳನ್ನು ಕಲ್ಪಿಸಿದರು. ಚದುರಂಗದ ಅರುವತ್ತನಾಲ್ಕು ಮನೆಗಳಲ್ಲಿ ಯಾವುದನ್ನೂ ಎರಡನೆಯ ಬಾರಿ ಮೆಟ್ಟದೆ ಕುದುರೆಯನ್ನು ನಡೆಸುವ ಬಗೆಗಳನ್ನು ಸಾಧಿಸಿದರು. ತಮ್ಮ ಶ್ರೀತತ್ತ್ವನಿಧಿ ಎಂಬ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯನ್ನು ಕ್ರೀಡೆಗಳಿಗೆ ಮೀಸಲಿಟ್ಟರು. ಇದನ್ನು ವಿಲಾಸವೆಂದು ಹಳಿಯುವವರುಂಟು. ನನಗೆ ಅದು ಅನ್ಯಾಯದ ತೀರ್ಪೆಂದು ತೋರುತ್ತದೆ.

ಬಿಡಿಬಿಡಿಯಾದ ತುಂಡುಗಳನ್ನು ಬೇಕಾದಂತೆ ಜೋಡಿಸಿ ನೆಲವನ್ನು ಕಟ್ಟುವ ಪದ್ಧತಿಯನ್ನು ಆಟದ ಪೆಟ್ಟಿಗೆಯಲ್ಲಿಟ್ಟು ಜನಪ್ರಿಯಗೊಳಿಸಿದವರು ಪಾಶ್ಚಾತ್ಯರು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದಲ್ಲಿ ಒಬ್ಬನು ಕಥೆಯನ್ನು ನಡೆಸುತ್ತಾನೆ, ಉಳಿದವರು ಅದರ ಪಾತ್ರಗಳಾಗುತ್ತಾರೆ. ಅದಕ್ಕಾಗಿ, ಯಾವ ಅಂಚಿಗೆ ಯಾವ ಅಂಚನ್ನಿಟ್ಟರೂ ದಾರಿ ಕೂಡಿಕೊಳ್ಳುವ ನಕ್ಷೆಯ ತುಣುಕುಗಳು ಕೆಲವೇ ವರ್ಷಗಳಲ್ಲಿ ಬಂದವು. ಅದೇ ಆಟಕ್ಕೆಂದು ಬಂದ 1981ರ ‘ಐಲ್ ಆಫ್ ಡ್ರೆಡ್’ ಎಂಬ ಕಥಾಪ್ರಸಂಗವು ಆಟಗಾರರನ್ನು ಷಟ್ಕೋನಗಳಾಗಿ ವಿಭಾಗಿಸಿದ ದ್ವೀಪವೊಂದಕ್ಕೆ ಇಳಿಸಿತು. ಜರ್ಮನಿಯ ಕ್ಲೌಸ್ ಟಾಯ್ಬರ್ ಅವರ ‘ಕಟಾನ್’ 1995ರಲ್ಲಿ ಪ್ರಕಟವಾಯಿತು. ಅದರ ದ್ವೀಪವು ಹತ್ತೊಂಬತ್ತು ಷಟ್ಕೋನಗಳದು, ಅವನ್ನು ಕಲಸಿ ಹಾಸಿದಂತೆಲ್ಲ ಬೆಟ್ಟವಿದ್ದಲ್ಲಿ ಹೊಲ, ಹೊಲವಿದ್ದಲ್ಲಿ ಕಾಡು. ಇಂಥ ಸಾಹಸಕ್ಕೆ ದ್ವೀಪವೇ ಒಪ್ಪುವುದೇಕೆಂದರೆ, ಸುತ್ತಲೂ ನೀರಿದ್ದುದರಿಂದ ನೆಲಕ್ಕೊಂದು ಸಹಜವಾದ ಮೇರೆಯುಂಟು. ಚೌಕಾಬಾರದಲ್ಲಿ ನೆಲವೆಲ್ಲ ಕಣ್ಣೆದುರಿಗೇ ಇದ್ದು ಕವಡೆಯೊಳಗಿನ ದೈವ ಮಾತ್ರ ಅಜ್ಞಾತ. ಕಥೆಯ ದ್ವೀಪದಲ್ಲಾದರೋ ಮುಂದಿನ ತುಂಡನ್ನು ಇಡುವವರೆಗೆ ನೆಲವೇ ಅಜ್ಞಾತ. ಈ ಒಂದು ಗುಣದಲ್ಲಿ ಅವರ ಕಲ್ಪನೆ ನಮ್ಮದಕ್ಕಿಂತ ಮುಂದೆ ಹೋಗಿದೆಯೆಂದು ಒಪ್ಪಲೇಬೇಕು. ವೆಚ್ಚದಲ್ಲಿ ನಮ್ಮ ಸೀಮೆಸುಣ್ಣವನ್ನು ಅವರು ಮೀರಲಾರರು.

ಕಡೆದ ಮರ, ಗೋಪುರ, ದೋಣಿಯ ಕಂಬಗಳನ್ನು ಇಂಥ ದ್ವೀಪಗಳಿಗೆ ಒದಗಿಸುವ ಸಾಮರ್ಥ್ಯ ಚನ್ನಪಟ್ಟಣದ ಕೈಗಳಿಗೆ ಇದ್ದೇ ಇದೆ. ಕೇಳುವವರಿದ್ದರೆ ಅವರು ಮಾಡಿಕೊಟ್ಟಾರು. ಹಳೆಯ ನೆಲದ ರೇಖೆಗಳನ್ನು ಉಳಿಸಿಕೊಳ್ಳುವ ಹೊಣೆ ನಮ್ಮದು. ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿಗಳ ಸುತ್ತಮುತ್ತ ಗುಡಿಯ ಜಗಲಿಯನ್ನೋ ಅರಳಿಕಟ್ಟೆಯನ್ನೋ ಹೊಸದಾಗಿ ಕಟ್ಟಿಸಹೊರಡುವ ಧರ್ಮದರ್ಶಿಗಳು, ಚಪ್ಪಡಿಗಳನ್ನು ಕೀಳಿಸುವ ಮುನ್ನ ಅವುಗಳ ಮೇಲೆ ಆಟದ ಗೆರೆಗಳುಂಟೇ ಎಂದು ನೋಡಿ, ಇದ್ದರೆ ಊರಿನ ಶಾಲೆಯ ಮೇಷ್ಟ್ರನ್ನು ಕರೆದು ಕಾಗದದ ಮೇಲೆ ಪ್ರತಿ ತೆಗೆಸಿಡಬೇಕೆಂದು ಕೇಳಿಕೊಳ್ಳುತ್ತೇನೆ.