ರೋಮನ್ ಅಬ್ರಮೊವಿಚ್ ಮೇಲಿನ ನಿರ್ಬಂಧಗಳು ಮತ್ತು ಚೆಲ್ಸಿ ಫುಟ್‌ಬಾಲ್ ಕ್ಲಬ್

ರಷ್ಯಾದ ಉದ್ಯಮಿ ರೋಮನ್ ಅಬ್ರಮೊವಿಚ್ ಅವರ ಮೇಲೆ ಯುನೈಟೆಡ್ ಕಿಂಗ್‌ಡಮ್ ಸರ್ಕಾರವು 2022ರ ಮಾರ್ಚ್ 10ರಂದು ಆರ್ಥಿಕ ನಿರ್ಬಂಧಗಳನ್ನು ಹೇರಿತು. ಅವರ ಒಡೆತನದಲ್ಲಿದ್ದ ಲಂಡನ್‌ನ ಚೆಲ್ಸಿ ಫುಟ್‌ಬಾಲ್ ಕ್ಲಬ್ ಇದರಿಂದಾಗಿ ಆಸ್ತಿ ಸ್ತಂಭನಕ್ಕೆ ಒಳಗಾಯಿತು. ಮೇ 30ರಂದು ಹೊಸ ಮಾಲೀಕರ ಕೈ ಸೇರುವವರೆಗೆ, ಒಟ್ಟು 81 ದಿನಗಳ ಕಾಲ, ಕ್ಲಬ್ ಸರ್ಕಾರದ ವಿಶೇಷ ಪರವಾನಗಿಯ ಆಧಾರದ ಮೇಲೆ ನಡೆಯಿತು. ಈ ಅವಧಿಯಲ್ಲಿ ಹೊಸ ಟಿಕೆಟ್ ಮತ್ತು ಸರಕುಗಳ ಮಾರಾಟ, ಆಟಗಾರರ ವರ್ಗಾವಣೆ ಹಾಗೂ ಹೊಸ ಒಪ್ಪಂದಗಳ ಮೇಲೆ ನಿಷೇಧವಿತ್ತು. ಕ್ಲಬ್‌ನ ಮಾರಾಟದಿಂದ ಬಂದ 250 ಕೋಟಿ ಪೌಂಡ್ ಮೊತ್ತವನ್ನು ಉಕ್ರೇನ್ ಯುದ್ಧದ ಸಂತ್ರಸ್ತರಿಗೆ ವಿನಿಯೋಗಿಸುವ ವಿಚಾರವು ಮಾರಾಟದ ನಂತರವೂ ವರ್ಷಗಟ್ಟಲೆ ವಿವಾದವಾಗಿ ಉಳಿಯಿತು.

ಹಿನ್ನೆಲೆ

ಅಬ್ರಮೊವಿಚ್ ಅವರು 2003ರಲ್ಲಿ ಕೆನ್ ಬೇಟ್ಸ್ ಅವರಿಂದ ಚೆಲ್ಸಿಯನ್ನು ಖರೀದಿಸಿದರು. ಕ್ಲಬ್‌ನ ಸಾಲವೂ ಸೇರಿ ಈ ವ್ಯವಹಾರದ ಮೌಲ್ಯ ಸುಮಾರು 14 ಕೋಟಿ ಪೌಂಡ್ ಆಗಿತ್ತು. ಅವರ 19 ವರ್ಷಗಳ ಒಡೆತನದಲ್ಲಿ ಪುರುಷರ ತಂಡವು ಐದು ಪ್ರೀಮಿಯರ್ ಲೀಗ್, ಐದು ಎಫ್.ಎ. ಕಪ್ ಮತ್ತು ಎರಡು ಚಾಂಪಿಯನ್ಸ್ ಲೀಗ್ ಸೇರಿದಂತೆ 21 ಪ್ರಶಸ್ತಿಗಳನ್ನು ಗೆದ್ದಿತು. ಇವುಗಳಲ್ಲಿ ಕೊನೆಯದಾದ ಫಿಫಾ ಕ್ಲಬ್ ವಿಶ್ವಕಪ್ ದೊರೆತದ್ದು 2022ರ ಫೆಬ್ರವರಿಯಲ್ಲಿ, ಅಂದರೆ ನಿರ್ಬಂಧಗಳಿಗೆ ಒಂದು ತಿಂಗಳಿಗೂ ಕಡಿಮೆ ಅವಧಿ ಇದ್ದಾಗ.

ಈ ಯಶಸ್ಸಿನ ಹಿಂದೆ ಮಾಲೀಕರ ಸಾಲವಿತ್ತು. ಕ್ಲಬ್‌ನ ಮಾತೃಸಂಸ್ಥೆಯಾದ ಫೋರ್ಡ್‌ಸ್ಟ್ಯಾಮ್ ಲಿಮಿಟೆಡ್ ಮೂಲಕ ಸುಮಾರು 150 ಕೋಟಿ ಪೌಂಡ್ ಹಣವು ಸಾಲದ ರೂಪದಲ್ಲಿ ಕ್ಲಬ್‌ಗೆ ಹರಿದುಬಂದಿತ್ತು. ಹೀಗಾಗಿ ಚೆಲ್ಸಿಯ ಹಣಕಾಸು ವ್ಯವಸ್ಥೆ ಒಬ್ಬ ವ್ಯಕ್ತಿಯ ಸಂಪತ್ತಿನ ಮೇಲೆ ಬಹುಮಟ್ಟಿಗೆ ಅವಲಂಬಿತವಾಗಿತ್ತು.

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನ್ ಮೇಲೆ ಪೂರ್ಣ ಪ್ರಮಾಣದ ಆಕ್ರಮಣ ನಡೆಸಿತು. ಫೆಬ್ರವರಿ 26ರಂದು ಅಬ್ರಮೊವಿಚ್ ಅವರು ಕ್ಲಬ್‌ನ ಮೇಲ್ವಿಚಾರಣೆಯನ್ನು ಚೆಲ್ಸಿಯ ದತ್ತಿ ಪ್ರತಿಷ್ಠಾನದ ಧರ್ಮದರ್ಶಿಗಳಿಗೆ ವಹಿಸುವುದಾಗಿ ಪ್ರಕಟಿಸಿದರು. ಆದರೆ ಒಡೆತನ ಅವರಲ್ಲಿಯೇ ಉಳಿಯಿತು. ಮಾರ್ಚ್ 2ರಂದು ಅವರು ಕ್ಲಬ್ ಮಾರುವ ನಿರ್ಧಾರವನ್ನು ತಿಳಿಸಿದರು. ತಾವು ನೀಡಿದ ಸಾಲವನ್ನು ಹಿಂದಕ್ಕೆ ಕೇಳುವುದಿಲ್ಲವೆಂದೂ, ಮಾರಾಟದ ನಿವ್ವಳ ಹಣವನ್ನು ಉಕ್ರೇನ್ ಯುದ್ಧದ ಎಲ್ಲ ಸಂತ್ರಸ್ತರಿಗಾಗಿ ಸ್ಥಾಪಿಸುವ ಪ್ರತಿಷ್ಠಾನಕ್ಕೆ ನೀಡುವುದಾಗಿಯೂ ಹೇಳಿದರು. ಮಾರಾಟದ ಪ್ರಕ್ರಿಯೆ ಆರಂಭವಾಗಿ ಎಂಟು ದಿನಗಳಲ್ಲಿ ನಿರ್ಬಂಧಗಳು ಜಾರಿಯಾದವು.

ಕಾನೂನಿನ ಸ್ವರೂಪ

ಮಾರ್ಚ್ 10ರಂದು ಪ್ರಕಟವಾದ ಪಟ್ಟಿಯಲ್ಲಿ ಅಬ್ರಮೊವಿಚ್ ಅವರೊಂದಿಗೆ ಇಗೋರ್ ಸೆಚಿನ್, ಒಲೆಗ್ ಡೆರಿಪಾಸ್ಕಾ ಮೊದಲಾದವರ ಹೆಸರುಗಳಿದ್ದವು. ಅಬ್ರಮೊವಿಚ್ ಅವರಿಗೆ ರಷ್ಯಾ ಅಧ್ಯಕ್ಷ ವ್ಲಾದಿಮಿರ್ ಪುಟಿನ್ ಅವರೊಂದಿಗೆ ದಶಕಗಳ ನಿಕಟ ಸಂಬಂಧವಿದೆ ಮತ್ತು ಅವರು ಪಾಲು ಹೊಂದಿರುವ ಎವ್ರಾಜ್ ಎಂಬ ಉಕ್ಕು ಕಂಪನಿಯು ರಷ್ಯಾ ಸೇನೆಗೆ ಉಕ್ಕು ಪೂರೈಸಿರುವ ಸಾಧ್ಯತೆಯಿದೆ ಎಂಬುದು ಸರ್ಕಾರ ನೀಡಿದ ಕಾರಣವಾಗಿತ್ತು. ಪುಟಿನ್ ಅವರೊಂದಿಗಿನ ಅಂತಹ ಸಾಮೀಪ್ಯವನ್ನು ಅಬ್ರಮೊವಿಚ್ ನಿರಾಕರಿಸುತ್ತ ಬಂದಿದ್ದಾರೆ. ಮಾರ್ಚ್ 15ರಂದು ಯುರೋಪಿಯನ್ ಒಕ್ಕೂಟವೂ ಅವರನ್ನು ತನ್ನ ನಿರ್ಬಂಧ ಪಟ್ಟಿಗೆ ಸೇರಿಸಿತು.

ಬ್ರಿಟನ್ನಿನ ನಿರ್ಬಂಧ ಕಾನೂನಿನ ಪ್ರಕಾರ, ಪಟ್ಟಿಯಲ್ಲಿರುವ ವ್ಯಕ್ತಿಯ ಆಸ್ತಿಯ ಜೊತೆಗೆ ಆತ ಶೇ. 50ಕ್ಕಿಂತ ಹೆಚ್ಚು ಪಾಲು ಹೊಂದಿರುವ ಅಥವಾ ನಿಯಂತ್ರಿಸುವ ಸಂಸ್ಥೆಗಳ ಆಸ್ತಿಯೂ ಸ್ತಂಭನಕ್ಕೆ ಒಳಪಡುತ್ತದೆ. ಅಂತಹ ಸಂಸ್ಥೆಯ ಹಣವನ್ನು ಬಳಸುವುದು ಮತ್ತು ಅದಕ್ಕೆ ಹಣ ಒದಗಿಸುವುದು ಎರಡೂ ಅಪರಾಧ. ಆದ್ದರಿಂದ ಪರವಾನಗಿ ಇಲ್ಲದಿದ್ದರೆ ಅಭಿಮಾನಿಯೊಬ್ಬ ಕ್ಲಬ್‌ನ ಅಂಗಡಿಯಲ್ಲಿ ಅಂಗಿ ಕೊಳ್ಳುವುದಾಗಲಿ, ಕ್ಲಬ್ ತನ್ನ ನೌಕರರಿಗೆ ಸಂಬಳ ನೀಡುವುದಾಗಲಿ ಕಾನೂನುಬಾಹಿರವಾಗುತ್ತಿತ್ತು.

ಆಸ್ತಿ ಸ್ತಂಭನವು ಜಪ್ತಿಗಿಂತ ಭಿನ್ನವಾದುದು. ಸ್ತಂಭನದಲ್ಲಿ ಆಸ್ತಿಯ ಒಡೆತನ ಬದಲಾಗುವುದಿಲ್ಲ, ಅದರ ಬಳಕೆ ಮತ್ತು ಪರಭಾರೆಗೆ ಮಾತ್ರ ತಡೆ ಇರುತ್ತದೆ. ನಿರ್ಬಂಧದ ನಂತರವೂ ಚೆಲ್ಸಿಯ ಮಾಲೀಕರು ಅಬ್ರಮೊವಿಚ್ ಅವರೇ ಆಗಿದ್ದರು. ಸರ್ಕಾರಕ್ಕೆ ಕ್ಲಬ್ ಅನ್ನು ತಾನೇ ಮಾರುವ ಅಧಿಕಾರವಿರಲಿಲ್ಲ. ಮಾಲೀಕರಿಗೆ ಸರ್ಕಾರದ ಅನುಮತಿಯಿಲ್ಲದೆ ಮಾರುವ ಅವಕಾಶವಿರಲಿಲ್ಲ.

ಕ್ರೀಡಾಂಗಣದ ವಿಷಯದಲ್ಲಿ ಸ್ಥಿತಿ ಬೇರೆಯಾಗಿತ್ತು. ಸ್ಟ್ಯಾಮ್‌ಫರ್ಡ್ ಬ್ರಿಡ್ಜ್ ಕ್ರೀಡಾಂಗಣದ ನೆಲದ ಒಡೆತನವು 1997ರಿಂದ ಚೆಲ್ಸಿ ಪಿಚ್ ಓನರ್ಸ್ ಎಂಬ ಸಂಸ್ಥೆಯಲ್ಲಿದೆ. ಅಭಿಮಾನಿಗಳು ಷೇರುದಾರರಾಗಿರುವ ಈ ಲಾಭರಹಿತ ಸಂಸ್ಥೆಯು ಕ್ಲಬ್‌ನ ಹೆಸರಿನ ಹಕ್ಕನ್ನೂ ಹೊಂದಿದೆ.

ವಿಶೇಷ ಪರವಾನಗಿ

ನಿರ್ಬಂಧ ಪ್ರಕಟವಾದ ದಿನವೇ ಬ್ರಿಟನ್ನಿನ ಖಜಾನೆ ಇಲಾಖೆಯ ಅಡಿಯಲ್ಲಿರುವ ಆರ್ಥಿಕ ನಿರ್ಬಂಧಗಳ ಅನುಷ್ಠಾನ ಕಚೇರಿಯು ಕ್ಲಬ್‌ಗೆ ಮೇ 31ರವರೆಗಿನ ಪರವಾನಗಿ ನೀಡಿತು. ಪಂದ್ಯಗಳು ನಡೆಯಬೇಕು, ಆದರೆ ಮಾಲೀಕರಿಗೆ ಲಾಭ ತಲುಪಬಾರದು ಎಂಬುದು ಅದರ ಆಶಯವಾಗಿತ್ತು. ಅದರ ಮುಖ್ಯ ಷರತ್ತುಗಳು ಹೀಗಿದ್ದವು:

- ಆಟಗಾರರು, ತರಬೇತುದಾರರು ಮತ್ತು ಇತರ ನೌಕರರಿಗೆ ಸಂಬಳ ನೀಡಬಹುದು.
- ಸೀಸನ್ ಟಿಕೆಟ್ ಹೊಂದಿರುವವರು ಹಾಗೂ ಮಾರ್ಚ್ 10ಕ್ಕೆ ಮೊದಲು ಟಿಕೆಟ್ ಕೊಂಡವರು ಪಂದ್ಯಗಳಿಗೆ ಬರಬಹುದು. ಹೊಸದಾಗಿ ಟಿಕೆಟ್ ಮಾರುವಂತಿಲ್ಲ.
- ಕ್ಲಬ್ ತನ್ನ ಸರಕುಗಳನ್ನು ಮಾರುವಂತಿಲ್ಲ. ಇತರ ವ್ಯಾಪಾರಿಗಳು ತಮ್ಮಲ್ಲಿ ಈಗಾಗಲೇ ಇರುವ ದಾಸ್ತಾನನ್ನು, ಕ್ಲಬ್‌ಗೆ ಹಣ ಸೇರದಂತೆ, ಮಾರಬಹುದು.
- ಆಟಗಾರರನ್ನು ಕೊಳ್ಳುವುದು, ಮಾರುವುದು ಅಥವಾ ಹೊಸ ಒಪ್ಪಂದ ನೀಡುವುದು ಸಾಧ್ಯವಿಲ್ಲ. ಹಿಂದಿನ ವರ್ಗಾವಣೆಗಳ ಬಾಕಿ ಕಂತುಗಳನ್ನು ಪಾವತಿಸಬಹುದು.
- ಪರಸ್ಥಳದ ಪ್ರತಿ ಪಂದ್ಯದ ಪ್ರಯಾಣಕ್ಕೆ 20 ಸಾವಿರ ಪೌಂಡ್ ಮತ್ತು ತವರಿನ ಪ್ರತಿ ಪಂದ್ಯದ ಆಯೋಜನೆಗೆ 5 ಲಕ್ಷ ಪೌಂಡ್‌ವರೆಗೆ ವೆಚ್ಚ ಮಾಡಬಹುದು.
- ಪಂದ್ಯಗಳ ನೇರ ಪ್ರಸಾರ ಮುಂದುವರಿಯಬಹುದು. ಪ್ರಸಾರದ ಹಣ ಮತ್ತು ಬಹುಮಾನದ ಹಣವು ಸ್ತಂಭಿತ ಖಾತೆಯಲ್ಲಿಯೇ ಉಳಿಯಬೇಕು.

ಪಂದ್ಯ ಆಯೋಜನೆಯ ಮಿತಿಯನ್ನು ಕೆಲವೇ ದಿನಗಳಲ್ಲಿ 9 ಲಕ್ಷ ಪೌಂಡ್‌ಗೆ ಏರಿಸಲಾಯಿತು. ಮಾರ್ಚ್ 23ರಂದು ಪರವಾನಗಿಯನ್ನು ಮತ್ತೆ ತಿದ್ದಿ, ಪರಸ್ಥಳದ ಪಂದ್ಯಗಳು, ಕಪ್ ಪಂದ್ಯಗಳು ಹಾಗೂ ಮಹಿಳಾ ತಂಡದ ಪಂದ್ಯಗಳಿಗೆ ಅಭಿಮಾನಿಗಳು ಟಿಕೆಟ್ ಕೊಳ್ಳಲು ಅವಕಾಶ ನೀಡಲಾಯಿತು. ಈ ಹಣ ಕ್ಲಬ್‌ಗೆ ಸೇರದಂತೆ ವ್ಯವಸ್ಥೆ ಮಾಡಲಾಗಿತ್ತು.

ಕ್ಲಬ್ ಮೇಲಾದ ಪರಿಣಾಮಗಳು

ಹಣಕಾಸು

ಕ್ಲಬ್‌ನ ದೈನಂದಿನ ಆದಾಯದ ಮೂಲಗಳು ಒಂದೇ ದಿನದಲ್ಲಿ ಬತ್ತಿದವು. ಸ್ಟ್ಯಾಮ್‌ಫರ್ಡ್ ಬ್ರಿಡ್ಜ್‌ನ ಅಧಿಕೃತ ಮಳಿಗೆಯನ್ನು ಮುಚ್ಚಲಾಯಿತು. ಕ್ರೀಡಾಂಗಣದ ಆವರಣದ ಹೋಟೆಲ್ ಹೊಸ ಕಾಯ್ದಿರಿಸುವಿಕೆಗಳನ್ನು ನಿಲ್ಲಿಸಿತು. ಬ್ಯಾಂಕು ಕ್ಲಬ್‌ನ ಕ್ರೆಡಿಟ್ ಕಾರ್ಡ್‌ಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು.

ಪ್ರಾಯೋಜಕರೂ ಹಿಂದೆ ಸರಿದರು. ವರ್ಷಕ್ಕೆ ಸುಮಾರು 4 ಕೋಟಿ ಪೌಂಡ್ ನೀಡುತ್ತಿದ್ದ ದೂರಸಂಪರ್ಕ ಕಂಪನಿ ಥ್ರೀ ತನ್ನ ಒಪ್ಪಂದವನ್ನು ಅಮಾನತಿನಲ್ಲಿಟ್ಟು, ಅಂಗಿಯ ಮೇಲಿನ ತನ್ನ ಗುರುತನ್ನು ತೆಗೆಯುವಂತೆ ಕೋರಿತು. ಆದರೂ ಅಂದು ರಾತ್ರಿ ನಾರ್ವಿಚ್ ಸಿಟಿ ವಿರುದ್ಧದ ಪಂದ್ಯದಲ್ಲಿ ಆಟಗಾರರು ಅದೇ ಗುರುತಿದ್ದ ಅಂಗಿಯಲ್ಲಿ ಆಡಿ 3–1ರಿಂದ ಗೆದ್ದರು. ಹ್ಯುಂಡೈ ಕೂಡ ಪ್ರಾಯೋಜಕತ್ವವನ್ನು ಅಮಾನತುಗೊಳಿಸಿತು.

ಕ್ಲಬ್ ದಿವಾಳಿಯಾಗಬಹುದೆಂಬ ಆತಂಕ ಆಗ ವ್ಯಾಪಕವಾಗಿತ್ತು. ಪ್ರೀಮಿಯರ್ ಲೀಗ್ ನಿಯಮಗಳ ಪ್ರಕಾರ ದಿವಾಳಿ ಆಡಳಿತಕ್ಕೆ ಒಳಗಾದ ಕ್ಲಬ್ ಒಂಬತ್ತು ಅಂಕಗಳನ್ನು ಕಳೆದುಕೊಳ್ಳುತ್ತದೆ. ಅಂತಹ ಸ್ಥಿತಿ ಒದಗಲಿಲ್ಲವಾದರೂ, 2022ರ ಜೂನ್‌ಗೆ ಕೊನೆಗೊಂಡ ವರ್ಷದಲ್ಲಿ ಕ್ಲಬ್ 12.13 ಕೋಟಿ ಪೌಂಡ್ ನಷ್ಟ ತೋರಿಸಿತು. ಆ ವರ್ಷದ ಒಟ್ಟು ವಹಿವಾಟು 48.13 ಕೋಟಿ ಪೌಂಡ್‌ಗೆ ಏರಿತ್ತು. ನಿರ್ಬಂಧಗಳಿಂದಾದ ಅಡಚಣೆಯು ನಷ್ಟದ ಕಾರಣಗಳಲ್ಲಿ ಒಂದೆಂದು ಕ್ಲಬ್ ಹೇಳಿತು.

ಆಟಗಾರರು ಮತ್ತು ಪಂದ್ಯಗಳು

ವರ್ಗಾವಣೆಯ ಅವಧಿಯು ಬೇಸಿಗೆಯವರೆಗೆ ಮುಚ್ಚಿದ್ದರಿಂದ ಆಟಗಾರರನ್ನು ಕೊಳ್ಳುವ ನಿಷೇಧ ತಕ್ಷಣಕ್ಕೆ ಬಾಧಿಸಲಿಲ್ಲ. ಹೆಚ್ಚಿನ ಪೆಟ್ಟು ಬಿದ್ದದ್ದು ಒಪ್ಪಂದಗಳ ನವೀಕರಣಕ್ಕೆ. ಋತುವಿನ ಕೊನೆಗೆ ಒಪ್ಪಂದ ಮುಗಿಯಲಿದ್ದ ರಕ್ಷಣಾ ಆಟಗಾರರಾದ ಆಂಟೋನಿಯೊ ರೂಡಿಗರ್ ಮತ್ತು ಆಂಡ್ರಿಯಾಸ್ ಕ್ರಿಸ್ಟೆನ್ಸೆನ್ ಅವರೊಂದಿಗೆ ಹೊಸ ಒಪ್ಪಂದ ಮಾಡಿಕೊಳ್ಳುವ ಸ್ಥಿತಿಯಲ್ಲಿ ಕ್ಲಬ್ ಇರಲಿಲ್ಲ. ಇಬ್ಬರೂ ವರ್ಗಾವಣೆ ಶುಲ್ಕವಿಲ್ಲದೆ ಕ್ರಮವಾಗಿ ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಸೇರಿದರು.

ಮೈದಾನದಲ್ಲಿ ತಂಡ ಕುಸಿಯಲಿಲ್ಲ. ಥಾಮಸ್ ಟುಕೆಲ್ ಅವರ ತರಬೇತಿಯಲ್ಲಿ ಪುರುಷರ ತಂಡವು ಪ್ರೀಮಿಯರ್ ಲೀಗ್‌ನಲ್ಲಿ ಮೂರನೆಯ ಸ್ಥಾನ ಗಳಿಸಿತು. ಚಾಂಪಿಯನ್ಸ್ ಲೀಗ್‌ನ ಕ್ವಾರ್ಟರ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಒಟ್ಟು 4–5 ಗೋಲುಗಳಿಂದ ಸೋತಿತು. ಎಫ್.ಎ. ಕಪ್ ಫೈನಲ್‌ನಲ್ಲಿ ಲಿವರ್‌ಪೂಲ್ ಎದುರು ಪೆನಾಲ್ಟಿ ಒದೆತಗಳಲ್ಲಿ ಪರಾಭವಗೊಂಡಿತು. ಮಹಿಳಾ ತಂಡವು ಮಹಿಳಾ ಸೂಪರ್ ಲೀಗ್ ಮತ್ತು ಮಹಿಳಾ ಎಫ್.ಎ. ಕಪ್ ಎರಡನ್ನೂ ಗೆದ್ದಿತು.

ಅಭಿಮಾನಿಗಳು

ಸುಮಾರು 40 ಸಾವಿರ ಆಸನಗಳ ಕ್ರೀಡಾಂಗಣದಲ್ಲಿ ಸೀಸನ್ ಟಿಕೆಟ್ ಇಲ್ಲದವರು ಹೊಸದಾಗಿ ಪ್ರವೇಶ ಪಡೆಯುವ ದಾರಿ ಮುಚ್ಚಿತು. ಮಿಡಲ್ಸ್‌ಬರೊ ವಿರುದ್ಧ ಮಾರ್ಚ್ 19ರಂದು ನಡೆಯಬೇಕಿದ್ದ ಎಫ್.ಎ. ಕಪ್ ಕ್ವಾರ್ಟರ್ ಫೈನಲ್ ಪಂದ್ಯಕ್ಕೆ ಚೆಲ್ಸಿಗೆ ಹಂಚಿಕೆಯಾಗಿದ್ದ ಟಿಕೆಟ್‌ಗಳಲ್ಲಿ ಹೆಚ್ಚಿನವು ಮಾರಾಟವಾಗುವ ಮೊದಲೇ ನಿರ್ಬಂಧ ಬಂದಿತ್ತು. ತನ್ನ ಬೆಂಬಲಿಗರಿಲ್ಲದೆ ಆಡುವುದು ಸ್ಪರ್ಧೆಯ ಸಮತೋಲನಕ್ಕೆ ಧಕ್ಕೆ ಎಂದು ವಾದಿಸಿದ ಚೆಲ್ಸಿ, ಪಂದ್ಯವನ್ನು ಪ್ರೇಕ್ಷಕರಿಲ್ಲದೆ ನಡೆಸುವಂತೆ ಕೋರಿತು. ಆತಿಥೇಯ ಕ್ಲಬ್‌ನ ಅಭಿಮಾನಿಗಳನ್ನೂ ಹೊರಗಿಡುವ ಈ ಕೋರಿಕೆಗೆ ತೀವ್ರ ಟೀಕೆ ವ್ಯಕ್ತವಾಯಿತು. ಚೆಲ್ಸಿ ಅದೇ ದಿನ ಕೋರಿಕೆಯನ್ನು ಹಿಂತೆಗೆದುಕೊಂಡಿತು.

ಬೆಂಬಲಿಗರಲ್ಲಿ ಏಕಾಭಿಪ್ರಾಯವಿರಲಿಲ್ಲ. ಮಾರ್ಚ್ 5ರಂದು ಬರ್ನ್ಲಿಯಲ್ಲಿ ಉಕ್ರೇನ್‌ಗೆ ಬೆಂಬಲ ಸೂಚಿಸಿ ಚಪ್ಪಾಳೆ ತಟ್ಟುತ್ತಿದ್ದ ವೇಳೆ ಚೆಲ್ಸಿಯ ಕೆಲವು ಅಭಿಮಾನಿಗಳು ಅಬ್ರಮೊವಿಚ್ ಅವರ ಹೆಸರನ್ನು ಕೂಗಿದ್ದರು. ಅದು ಅದಕ್ಕೆ ತಕ್ಕ ಸಮಯವಲ್ಲವೆಂದು ಟುಕೆಲ್ ಬಹಿರಂಗವಾಗಿ ಆಕ್ಷೇಪಿಸಿದರು. ಅಭಿಮಾನಿ ಸಂಘಟನೆಗಳು ಕ್ಲಬ್‌ನ ಉಳಿವು ಹಾಗೂ ಹೊಸ ವ್ಯವಸ್ಥೆಯಲ್ಲಿ ಅಭಿಮಾನಿಗಳ ಮಾತಿಗೆ ಬೆಲೆ ದೊರೆಯಬೇಕೆಂಬ ಬೇಡಿಕೆಯನ್ನು ಮುಂದಿಟ್ಟವು.

ಮಾರಾಟ

ಮಾರ್ಚ್ 12ರಂದು ಪ್ರೀಮಿಯರ್ ಲೀಗ್ ಮಂಡಳಿಯು ಅಬ್ರಮೊವಿಚ್ ಅವರನ್ನು ಕ್ಲಬ್ ನಿರ್ದೇಶಕ ಸ್ಥಾನಕ್ಕೆ ಅನರ್ಹಗೊಳಿಸಿತು. ಮಾರಾಟದ ಪ್ರಕ್ರಿಯೆಯನ್ನು ನ್ಯೂಯಾರ್ಕ್‌ನ ರೇನ್ ಗ್ರೂಪ್ ನಿರ್ವಹಿಸಿತು. ಅಮೆರಿಕದ ಟಾಡ್ ಬೋಲಿ ನೇತೃತ್ವದ ಗುಂಪು, ಸರ್ ಮಾರ್ಟಿನ್ ಬ್ರೌಟನ್ ನೇತೃತ್ವದ ಗುಂಪು, ಸ್ಟೀವ್ ಪಗ್ಲಿಯುಕಾ ಹಾಗೂ ರಿಕೆಟ್ಸ್ ಕುಟುಂಬ ಅಂತಿಮ ಹಂತದ ಸ್ಪರ್ಧಿಗಳಾಗಿದ್ದರು. ಇವರಲ್ಲಿ ರಿಕೆಟ್ಸ್ ಕುಟುಂಬವು ಏಪ್ರಿಲ್‌ನಲ್ಲಿ ಹಿಂದೆ ಸರಿಯಿತು. ಬ್ರಿಟನ್ನಿನ ಉದ್ಯಮಿ ಜಿಮ್ ರ‍್ಯಾಟ್‌ಕ್ಲಿಫ್ ಏಪ್ರಿಲ್ ಕೊನೆಯಲ್ಲಿ ತಡವಾಗಿ ಬಿಡ್ ಸಲ್ಲಿಸಿದರು.

ಮೇ ಮೊದಲ ವಾರದಲ್ಲಿ ಬೋಲಿ, ಕ್ಲಿಯರ್‌ಲೇಕ್ ಕ್ಯಾಪಿಟಲ್, ಮಾರ್ಕ್ ವಾಲ್ಟರ್ ಮತ್ತು ಹಾನ್ಸ್‌ಯೋರ್ಗ್ ವೀಸ್ ಅವರ ಒಕ್ಕೂಟದೊಂದಿಗೆ ಒಪ್ಪಂದ ಕುದುರಿತು. ಒಟ್ಟು ಮೌಲ್ಯ 425 ಕೋಟಿ ಪೌಂಡ್. ಇದರಲ್ಲಿ 250 ಕೋಟಿ ಪೌಂಡ್ ಷೇರುಗಳ ಬೆಲೆ. ಉಳಿದ 175 ಕೋಟಿ ಪೌಂಡ್ ಕ್ರೀಡಾಂಗಣ, ಅಕಾಡೆಮಿ, ಮಹಿಳಾ ತಂಡ ಮತ್ತು ಕ್ಲಬ್‌ನ ಪ್ರತಿಷ್ಠಾನದಲ್ಲಿ ತೊಡಗಿಸುವ ವಾಗ್ದಾನ.

ಮಾರಾಟಕ್ಕೆ ಹಲವು ಅನುಮತಿಗಳು ಬೇಕಾಗಿದ್ದವು. ಪ್ರೀಮಿಯರ್ ಲೀಗ್ ಮೇ 24ರಂದು ಒಪ್ಪಿಗೆ ನೀಡಿತು. ಅಬ್ರಮೊವಿಚ್ ಅವರಿಗೆ ಮಾರಾಟದಿಂದ ಯಾವುದೇ ಲಾಭವಾಗದೆಂಬ ಭರವಸೆ ದೊರೆತ ಮೇಲೆ ಬ್ರಿಟನ್ ಸರ್ಕಾರ ಪರವಾನಗಿ ನೀಡಿತು. ಅವರು ಪೋರ್ಚುಗಲ್‌ನ ಪೌರತ್ವವನ್ನೂ ಹೊಂದಿದ್ದರಿಂದ ಆ ದೇಶದ ಸಮ್ಮತಿಯೂ ಅಗತ್ಯವಾಗಿತ್ತು. ಪರವಾನಗಿಯ ಗಡುವಿಗೆ ಒಂದು ದಿನ ಮೊದಲು, ಮೇ 30ರಂದು, ಮಾರಾಟ ಪೂರ್ಣಗೊಂಡಿತು. ಮುಂದಿನ ತಿಂಗಳುಗಳಲ್ಲಿ ಅಧ್ಯಕ್ಷ ಬ್ರೂಸ್ ಬಕ್, ನಿರ್ದೇಶಕಿ ಮರೀನಾ ಗ್ರಾನೊವ್‌ಸ್ಕಾಯಾ ಮತ್ತು ತಾಂತ್ರಿಕ ಸಲಹೆಗಾರ ಪೀಟರ್ ಚೆಕ್ ಕ್ಲಬ್ ತೊರೆದರು. ಸೆಪ್ಟೆಂಬರ್‌ನಲ್ಲಿ ಟುಕೆಲ್ ಅವರನ್ನು ಹೊಸ ಮಾಲೀಕರು ವಜಾ ಮಾಡಿದರು.

ಮಾರಾಟದ ಹಣದ ವಿವಾದ

ಷೇರುಗಳಿಂದ ಬಂದ 250 ಕೋಟಿ ಪೌಂಡ್ ಅನ್ನು ಬ್ರಿಟನ್ನಿನ ಸ್ತಂಭಿತ ಬ್ಯಾಂಕ್ ಖಾತೆಯಲ್ಲಿ ಇರಿಸಲಾಯಿತು. ಈ ಹಣವನ್ನು ಉಕ್ರೇನ್ ದೇಶದೊಳಗಿನ ಮಾನವೀಯ ನೆರವಿಗೆ ಮಾತ್ರ ಬಳಸಬೇಕೆಂಬುದು ಬ್ರಿಟನ್ ಸರ್ಕಾರದ ನಿಲುವು. ಯುದ್ಧದ ಎಲ್ಲ ಸಂತ್ರಸ್ತರಿಗೆ ನೀಡುವುದಾಗಿ ತಾವು ಹೇಳಿದ್ದರಿಂದ, ದೇಶದ ಗಡಿಯಾಚೆ ಇರುವ ಸಂತ್ರಸ್ತರಿಗೂ ಅದು ಲಭ್ಯವಾಗಬೇಕೆಂಬುದು ಅಬ್ರಮೊವಿಚ್ ಅವರ ಕಡೆಯ ವಾದ. ಹಣ ಸ್ತಂಭಿತವಾಗಿದ್ದರೂ ಅದರ ಒಡೆತನ ಅವರಲ್ಲಿಯೇ ಇರುವುದರಿಂದ ಅವರ ಸಮ್ಮತಿಯಿಲ್ಲದೆ ವಿನಿಯೋಗ ಸಾಧ್ಯವಾಗಲಿಲ್ಲ.

2024ರ ಜನವರಿಯಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ಸಮಿತಿಯೊಂದು ಈ ವಿಳಂಬವನ್ನು ಕಟುವಾಗಿ ಟೀಕಿಸಿತು. 2025ರ ಜೂನ್‌ನಲ್ಲಿ ಹಣಕಾಸು ಸಚಿವೆ ರೇಚೆಲ್ ರೀವ್ಸ್ ಮತ್ತು ವಿದೇಶಾಂಗ ಸಚಿವ ಡೇವಿಡ್ ಲ್ಯಾಮಿ ಅವರು ಅಗತ್ಯವಾದರೆ ನ್ಯಾಯಾಲಯದ ಮೊರೆ ಹೋಗುವುದಾಗಿ ಜಂಟಿ ಹೇಳಿಕೆ ನೀಡಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪ್ರಧಾನಿ ಕೀರ್ ಸ್ಟಾರ್ಮರ್ ಅವರು ಹಣದ ವರ್ಗಾವಣೆಗೆ ಪರವಾನಗಿ ನೀಡಿರುವುದಾಗಿ ಸಂಸತ್ತಿನಲ್ಲಿ ತಿಳಿಸಿ, ಅಬ್ರಮೊವಿಚ್ ಅವರು ತಮ್ಮ ಮಾತಿನಂತೆ ನಡೆದುಕೊಳ್ಳಬೇಕೆಂದು ಎಚ್ಚರಿಸಿದರು.

ಇತರ ಕ್ಲಬ್‌ಗಳೊಂದಿಗೆ ಹೋಲಿಕೆ

ಇದೇ ಅವಧಿಯಲ್ಲಿ ಲಿವರ್‌ಪೂಲ್ ನಗರದ ಎವರ್ಟನ್ ಕ್ಲಬ್ ಕೂಡ ನಿರ್ಬಂಧಗಳ ಬಿಸಿ ಅನುಭವಿಸಿತು. ಉಜ್ಬೇಕ್ ಮೂಲದ ರಷ್ಯನ್ ಉದ್ಯಮಿ ಅಲಿಶೆರ್ ಉಸ್ಮಾನೊವ್ ಅವರಿಗೆ ಸಂಬಂಧಿಸಿದ ಯು.ಎಸ್.ಎಂ., ಮೆಗಾಫೋನ್ ಮತ್ತು ಯೋಟಾ ಕಂಪನಿಗಳ ಪ್ರಾಯೋಜಕತ್ವವನ್ನು ಎವರ್ಟನ್ 2022ರ ಮಾರ್ಚ್ 2ರಂದು ಅಮಾನತುಗೊಳಿಸಿತು. ಮರುದಿನ ಬ್ರಿಟನ್ ಉಸ್ಮಾನೊವ್ ಅವರ ಮೇಲೆ ನಿರ್ಬಂಧ ಹೇರಿತು. ಆದರೆ ಎವರ್ಟನ್‌ನ ಮಾಲೀಕರು ಫರ್ಹಾದ್ ಮೊಶಿರಿ ಆಗಿದ್ದು, ಅವರ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಆದ್ದರಿಂದ ಕ್ಲಬ್ ಪ್ರಾಯೋಜಕರ ಆದಾಯವನ್ನು ಕಳೆದುಕೊಂಡರೂ ಅದರ ಆಸ್ತಿ ಸ್ತಂಭನಕ್ಕೆ ಒಳಗಾಗಲಿಲ್ಲ. ನಿರ್ಬಂಧಕ್ಕೊಳಗಾದ ವ್ಯಕ್ತಿ ಕ್ಲಬ್‌ನ ಮಾಲೀಕನೋ ಅಥವಾ ಕೇವಲ ಪ್ರಾಯೋಜಕನೋ ಎಂಬುದರ ಮೇಲೆ ಪರಿಣಾಮದ ಸ್ವರೂಪ ನಿರ್ಧಾರವಾಗುತ್ತದೆ ಎಂಬುದನ್ನು ಈ ಎರಡು ಪ್ರಕರಣಗಳು ತೋರಿಸುತ್ತವೆ.

ನಂತರದ ಬೆಳವಣಿಗೆಗಳು

ಕ್ಲಬ್‌ಗಳ ಒಡೆತನದ ಮೇಲೆ ಸ್ವತಂತ್ರ ನಿಗಾ ಇರಬೇಕೆಂಬ ಬೇಡಿಕೆ ಇಂಗ್ಲೆಂಡಿನಲ್ಲಿ ಮೊದಲೇ ಇತ್ತು. ಸಂಸದೆ ಟ್ರೇಸಿ ಕ್ರೌಚ್ ನೇತೃತ್ವದ ಪರಿಶೀಲನಾ ವರದಿಯು 2021ರ ನವೆಂಬರ್‌ನಲ್ಲಿಯೇ ಇದನ್ನು ಶಿಫಾರಸು ಮಾಡಿತ್ತು. ಚೆಲ್ಸಿಯ ಪ್ರಕರಣ ಈ ಚರ್ಚೆಗೆ ಇನ್ನಷ್ಟು ಬಲ ನೀಡಿತು. 2025ರ ಜುಲೈನಲ್ಲಿ ಜಾರಿಗೆ ಬಂದ ಫುಟ್‌ಬಾಲ್ ಆಡಳಿತ ಕಾಯ್ದೆಯ ಮೂಲಕ ಸ್ವತಂತ್ರ ಫುಟ್‌ಬಾಲ್ ನಿಯಂತ್ರಕ ಸಂಸ್ಥೆಯನ್ನು ಸ್ಥಾಪಿಸಲಾಯಿತು. ಕ್ಲಬ್‌ಗಳ ಹಣಕಾಸು ಸ್ಥಿತಿಯ ಮೇಲ್ವಿಚಾರಣೆ ಮತ್ತು ಮಾಲೀಕರ ಅರ್ಹತೆಯ ಪರಿಶೀಲನೆ ಅದರ ಹೊಣೆಗಳಲ್ಲಿ ಸೇರಿವೆ.