ಬೇಂದ್ರೆ ಚಿತ್ರದ ಕಾಲ, ಶಿರಹಟ್ಟಿಯ ಜಿಲ್ಲೆ: ಸಾಕ್ಷ್ಯಚಿತ್ರಕಾರರ ಹೊಣೆ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ
ಸಾಕ್ಷ್ಯಚಿತ್ರದ ವ್ಯಕ್ತಿಯನ್ನು ಪ್ರೇಕ್ಷಕರು ಅರ್ಥೈಸುವ ಬಗೆಗೆ ನಿರ್ದೇಶಕರು ಎಷ್ಟರಮಟ್ಟಿಗೆ ಹೊಣೆ? ಗಿರೀಶ ಕಾರ್ನಾಡರು ದ.ರಾ. ಬೇಂದ್ರೆಯವರನ್ನು ಕುರಿತು ಮಾಡಿದ ಚಿತ್ರವನ್ನು ಮುಂದಿಟ್ಟುಕೊಂಡು, ಕಾಲಾನುಕ್ರಮದ ಮಟ್ಟಿಗೆ ಮಾತ್ರ ಇಲ್ಲಿ ಪರಿಶೀಲಿಸಿದೆ. ಚಿತ್ರದ ಕಲಾಗುಣ ಇಲ್ಲಿ ಅಪ್ರಸ್ತುತ.

2. ಕಾಲ
ಕಾರ್ನಾಡರ ಚಿತ್ರಸೂಚಿಗಳು ಕೊಡುವ ವರ್ಷ 1972. ಆಗ ಬೇಂದ್ರೆಯವರಿಗೆ (ಜನನ: 31 ಜನವರಿ 1896) 76 ವರ್ಷ, ಕಾರ್ನಾಡರಿಗೆ 34. ಬೇಂದ್ರೆಯವರ ಕವನಸಂಕಲನ ‘ನಾಕುತಂತಿ’ 1964ರಲ್ಲೇ ಪ್ರಕಟವಾಗಿತ್ತು. ಅದಕ್ಕೆ ಜ್ಞಾನಪೀಠ ಇನ್ನೂ ಬಂದಿರಲಿಲ್ಲ. ಆ ಪ್ರಶಸ್ತಿಯ ವರ್ಷ ಕೆಲವೆಡೆ 1973, ಕೆಲವೆಡೆ 1974 ಎಂದಿದೆ. ಮೊದಲನೆಯದು ಪ್ರಶಸ್ತಿಯ ಸಾಲನ್ನೂ ಎರಡನೆಯದು ಪ್ರದಾನದ ವರ್ಷವನ್ನೂ ಸೂಚಿಸುವಂತೆ ತೋರುತ್ತದೆ. ಯಾವುದನ್ನು ಹಿಡಿದರೂ ಚಿತ್ರವೇ ಮೊದಲು. ಕಾರ್ನಾಡರಿಗೆ ಅದೇ ಪ್ರಶಸ್ತಿ ಸಂದದ್ದು 1998ರ ಸಾಲಿನಲ್ಲಿ. ಹಾಗಾಗಿ, ಒಬ್ಬ ಜ್ಞಾನಪೀಠ ಪುರಸ್ಕೃತರು ಇನ್ನೊಬ್ಬರನ್ನು ಕಂಡ ಬಗೆ ಎಂದು ಇಂದು ಈ ಚಿತ್ರವನ್ನು ನೋಡುವ ರೀತಿ 1972ರಲ್ಲಿ ಸಾಧ್ಯವೇ ಇರಲಿಲ್ಲ. ಅದರ ಹೊಣೆಯನ್ನು ನಿರ್ದೇಶಕರಿಗೆ ಹೊರಿಸಲು ಆಧಾರ ಸಾಲದು.

3. ಊರು
ಬೇಂದ್ರೆಯವರ ಪೂರ್ವಜರು ನೆಲೆಸಿದ್ದ ಶಿರಹಟ್ಟಿ ಒಂದು ಕಾಲಕ್ಕೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. 1972ರಲ್ಲಿ ಅದು ಮೈಸೂರು ರಾಜ್ಯದ ಧಾರವಾಡ ಜಿಲ್ಲೆಯಲ್ಲಿತ್ತು (ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1 ನವೆಂಬರ್ 1973). ಶಿರಹಟ್ಟಿ ಈಗ ಸೇರಿರುವ ಗದಗ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಆದ್ದರಿಂದ ಮುಂಡರಗಿಯಲ್ಲೋ ಲಕ್ಷ್ಮೇಶ್ವರದಲ್ಲೋ ಇಂದು ಚಿತ್ರ ನೋಡುವವರು ‘ನಮ್ಮ ಜಿಲ್ಲೆಯ ಮನೆತನ’ವನ್ನು ಹುಡುಕಿದರೆ, ಆ ನಿರೀಕ್ಷೆ ಚಿತ್ರಕ್ಕಿಂತ ಕನಿಷ್ಠ 25 ವರ್ಷ ಈಚಿನದು.

ಭೀಮಸೇನ ಜೋಶಿಯವರ ಮೇಲೆ ಗುಲ್ಜಾರ್ ಅವರು ಫಿಲ್ಮ್ಸ್ ಡಿವಿಜನ್‌ಗಾಗಿ ಮಾಡಿದ ಚಿತ್ರದ (1992) ಪ್ರಸಂಗ ತುಸು ಬೇರೆ. ಅದೂ ಗದಗ ಜಿಲ್ಲೆಗಿಂತ ಹಿಂದಿನದೇ. ಆದರೆ ಜೋಶಿಯವರ ಹುಟ್ಟೂರನ್ನು ಕೆಲವರು ರೋಣ ಎನ್ನುತ್ತಾರೆ, ಕೆಲವರು ಗದಗ ಎನ್ನುತ್ತಾರೆ. 1922ರಲ್ಲಿ ಎರಡೂ ಧಾರವಾಡ ಜಿಲ್ಲೆಯವೇ, ಆದರೂ ಊರುಗಳು ಬೇರೆ. ಇಂಥ ಭಿನ್ನತೆ ಜಿಲ್ಲಾ ಗಡಿಯಂತೆ ಆಮೇಲೆ ಹುಟ್ಟುವುದಲ್ಲ; ವಿಚಾರಿಸಿದರೆ ಚಿತ್ರೀಕರಣದ ವೇಳೆಗೇ ಕಾಣುವಂಥದು. ಯಾವ ಚಿತ್ರವೇ ಆಗಲಿ, ಎರಡರಲ್ಲಿ ಒಂದನ್ನಷ್ಟೇ ಹೇಳಿ ಇನ್ನೊಂದನ್ನು ಬಿಟ್ಟರೆ, ಅದರಿಂದ ಮೂಡುವ ತಿಳಿವಳಿಕೆಗೆ ನಿರ್ದೇಶಕರು ಬಹುಮಟ್ಟಿಗೆ ಉತ್ತರವಾದಿಗಳು. ಈ ವ್ಯತ್ಯಾಸವನ್ನು ಚರ್ಚೆಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ.

4. ಮರುಪ್ರದರ್ಶನ
ಜೋಶಿಯವರಿಗೆ ಭಾರತರತ್ನ ಘೋಷಣೆಯಾದದ್ದು 2008ರಲ್ಲಿ. 1992ರ ಚಿತ್ರವನ್ನು ‘ಭಾರತರತ್ನ’ ಎಂಬ ತಲೆಬರಹದಡಿ ಈಗ ತೋರಿಸಿದರೆ, ಆ ತಲೆಬರಹದಿಂದ ಹುಟ್ಟುವ ಅರ್ಥದ ಹೊಣೆ ಪ್ರದರ್ಶಕರದು, ಗುಲ್ಜಾರ್ ಅವರದಲ್ಲ.